ಓಗೊಡುವವರು ಯಾರು?

ಅಮೆರಿಕದ ಕರಿಯ ಗಾಯಕ ಸ್ಯಾಮ್ ಕುಕ್ ಹಾಡಿದ ಒಂದು ರಾತ್ರಿಯ ಟೇಪು ಆರ್‌ಸಿಎ ರೆಕಾರ್ಡ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಧೂಳು ತಿನ್ನುತ್ತ ಬಿದ್ದಿತ್ತು. 1963ರ ಜನವರಿ 12ರಂದು ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಕಂಪನಿಯವರೇ ಮುಂದೆ ನಿಂತು ಮುದ್ರಿಸಿಕೊಂಡ ಕಾರ್ಯಕ್ರಮ ಅದು. ಲೈವ್ ಆಲ್ಬಮ್ ತರುವ ಲೆಕ್ಕಾಚಾರವಿತ್ತು. ಕೇಳಿ ನೋಡಿದಾಗ ಇದು ತೀರಾ ಒರಟಾಯಿತು, ಗದ್ದಲ ಹೆಚ್ಚಾಯಿತು, ಬಿಳಿಯರ ಮನೆಗಳಲ್ಲಿ ಕುಕ್ ಸಂಪಾದಿಸಿದ್ದ ನಯವಾದ ಹೆಸರಿಗೆ ಧಕ್ಕೆ ಬಂದೀತು ಅನ್ನಿಸಿ ಎತ್ತಿಟ್ಟುಬಿಟ್ಟರು. ಕೊನೆಗೂ ಅದು ಹೊರಬಂದದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಕುಕ್ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು.

ಆ ಟೇಪಿನಲ್ಲಿರುವ ‘ಬ್ರಿಂಗ್ ಇಟ್ ಆನ್ ಹೋಮ್ ಟು ಮಿ’ ಕೇಳಿದ ಮೇಲೆ ಸೋಲ್ ಸಂಗೀತದ, ಅಂದರೆ ಚರ್ಚಿನ ಹಾಡುಗಾರಿಕೆಯಿಂದ ಹುಟ್ಟಿದ ಅಮೆರಿಕದ ಕರಿಯರ ಸಂಗೀತದ ಬಗ್ಗೆ ನನ್ನಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಸ್ಟುಡಿಯೊದಲ್ಲಿ ಮುದ್ರಿಸಿದ ಸೋಲ್ ಹಾಡು ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ಒಂದು ಜಾಗ ಯಾರಿಗೋ ಕಾದಿಟ್ಟಂತೆ ಇರುತ್ತದೆ. ಹಾಡುವವನು ಒಂದು ಮಾತು ಎಸೆಯುತ್ತಾನೆ, ಆ ಮಾತಿಗೆ ಯಾರಾದರೂ ಓಗೊಡಬೇಕು. ಸ್ಟುಡಿಯೊದಲ್ಲಿ ಆ ಕೆಲಸಕ್ಕೆ ಒಬ್ಬ ಗೆಳೆಯನನ್ನೋ ಒಡಹುಟ್ಟಿದವರನ್ನೋ ಕೂಲಿಗೆ ಬಂದ ಗಾಯಕಿಯರನ್ನೋ ನಿಲ್ಲಿಸುತ್ತಾರೆ. ವೇದಿಕೆಯ ಮೇಲೆ ಹಾಡಿದಾಗ ಆ ಜಾಗಕ್ಕೆ ಎದುರಿಗಿರುವ ಜನ ಬಂದು ಕೂರುತ್ತಾರೆ. ಓಗೊಡುವವರು ಬದಲಾದರೆ ಹಾಡೂ ಬದಲಾಗುತ್ತದೆ. ಬರೀ ವೇಗ, ಕೂಗಾಟ, ಉದ್ದ ಬದಲಾಗುವುದಲ್ಲ, ಹಾಡು ಹೇಳುತ್ತಿರುವ ವಿಷಯವೇ ಬೇರೆಯಾಗುತ್ತದೆ.

ಮೊದಲು ರೆಕಾರ್ಡನ್ನು ಕೇಳಬೇಕು. 1962ರಲ್ಲಿ ಹಾಲಿವುಡ್ಡಿನ ಆರ್‌ಸಿಎ ಸ್ಟುಡಿಯೊದಲ್ಲಿ ಮುದ್ರಿಸಿದ್ದು, ‘ಹ್ಯಾವಿಂಗ್ ಎ ಪಾರ್ಟಿ’ ಹಾಡಿನ ರೆಕಾರ್ಡಿನ ಹಿಂಬದಿಯಲ್ಲಿ ಬಂದದ್ದು. ಮೂರು ನಿಮಿಷವೂ ಇಲ್ಲ. ಪಿಯಾನೊ ಮೂರು ಮೂರು ಪೆಟ್ಟಿನ ಲಯದಲ್ಲಿ ನಿಧಾನಕ್ಕೆ ತೂಗುತ್ತದೆ, ಹಿಂದೆ ಪಿಟೀಲುಗಳು ಮೆತ್ತಗೆ ಬರುತ್ತವೆ. ಬಿಟ್ಟು ಹೋಗುತ್ತೇನೆ ಅಂದವಳನ್ನು ನಕ್ಕು ಕಳುಹಿಸಿಕೊಟ್ಟವನು ಈಗ ತನಗೇ ಪೆಟ್ಟಾಗಿದೆ ಎಂದು ಒಪ್ಪಿಕೊಂಡು ವಾಪಸ್ ಬಾ ಎಂದು ಕರೆಯುವ ಹಾಡು. ಕುಕ್ ಜೊತೆಗೆ ಇನ್ನೊಂದು ದನಿ ಉದ್ದಕ್ಕೂ ಅಂಟಿಕೊಂಡೇ ಸಾಗುತ್ತದೆ. ಅದು ಲೂ ರಾಲ್ಸ್‌ನದು. ಚರಣದ ಕೊನೆಗೆ ಕುಕ್ ‘ಯೆಹ್’ ಎನ್ನುತ್ತಾನೆ, ರಾಲ್ಸ್ ‘ಯೆಹ್’ ಎಂದು ಉತ್ತರ ಕೊಡುತ್ತಾನೆ. ಮತ್ತೆ ‘ಯೆಹ್’, ಮತ್ತೆ ಉತ್ತರ.

ಇಬ್ಬರೂ ಶಿಕಾಗೊದಲ್ಲಿ ಬೆಳೆದವರು, ಚರ್ಚಿನ ಗಾಸ್ಪೆಲ್ ಹಾಡುಗಾರಿಕೆಯಿಂದ ಬಂದವರು. ಕುಕ್ ಪಾದ್ರಿಯ ಮಗ, ಇಪ್ಪತ್ತರ ಆಸುಪಾಸಿನಲ್ಲೇ ಸೋಲ್ ಸ್ಟಿರರ್ಸ್ ತಂಡದ ಮುಖ್ಯ ಗಾಯಕ. ರಾಲ್ಸ್ ಪಿಲ್ಗ್ರಿಮ್ ಟ್ರಾವೆಲರ್ಸ್ ತಂಡದವನು. 1958ರಲ್ಲಿ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದಾಗ ಭಾರೀ ಅಪಘಾತವಾಯಿತು. ಚಾಲಕ ಸತ್ತ. ರಾಲ್ಸ್ ಕೂಡ ಸತ್ತನೆಂದೇ ಮೊದಲು ಹೇಳಿಬಿಟ್ಟಿದ್ದರು, ಆಮೇಲೆ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದು ಬದುಕಿ ಬಂದ. ರೆಕಾರ್ಡಿನಲ್ಲಿ ಕುಕ್‌ಗೆ ಓಗೊಡುತ್ತಿರುವವನು ಆ ಮನುಷ್ಯ. ಅದಕ್ಕೇ ಇರಬೇಕು, ಆ ಮುದ್ರಣದಲ್ಲಿ ಇಬ್ಬರು ಗೆಳೆಯರು ಒಂದು ಬೆಂಚಿನ ಮೇಲೆ ಕೂತು ಒಬ್ಬನ ದುಃಖ ಇನ್ನೊಬ್ಬ ಕೇಳಿಸಿಕೊಳ್ಳುವ ಆಪ್ತತೆ ಇದೆ. ನನಗೆ ಆ ರೆಕಾರ್ಡು ತುಂಬ ಇಷ್ಟ. ಅದನ್ನು ಕಡಿಮೆ ಮಾಡಿ ಹೇಳಲು ಇದನ್ನು ಬರೆಯುತ್ತಿಲ್ಲ.

ಈಗ ಮಯಾಮಿಗೆ ಬನ್ನಿ. ಹಾರ್ಲೆಮ್ ಸ್ಕ್ವೇರ್ ಕ್ಲಬ್ ಇದ್ದದ್ದು ಓವರ್‌ಟೌನ್‌ನಲ್ಲಿ, ನಗರದ ಕರಿಯರ ಬಡಾವಣೆಯಲ್ಲಿ. ಆ ಕಾಲದ ಮಯಾಮಿ ಬೀಚಿನ ದೊಡ್ಡ ಹೋಟೆಲುಗಳಲ್ಲಿ ಕರಿಯ ಕಲಾವಿದರು ಹಾಡಬಹುದಿತ್ತು, ಆದರೆ ಅಲ್ಲಿ ರೂಮು ಮಾಡಿಕೊಂಡು ಮಲಗುವ ಹಾಗಿರಲಿಲ್ಲ. ಕಾರ್ಯಕ್ರಮ ಮುಗಿಸಿ ಸೇತುವೆ ದಾಟಿ ಓವರ್‌ಟೌನ್‌ಗೆ ಬರುತ್ತಿದ್ದರು, ಅಲ್ಲಿನ ಕ್ಲಬ್ಬುಗಳಲ್ಲಿ ತಮ್ಮವರಿಗಾಗಿ ನಡುರಾತ್ರಿಯ ಮೇಲೂ ಹಾಡುತ್ತಿದ್ದರು. ದಿನವಿಡೀ ಅದೇ ಬೀಚಿನ ಹೋಟೆಲುಗಳಲ್ಲಿ ಹಾಸಿಗೆ ಹಾಸಿ, ಪಾತ್ರೆ ತೊಳೆದು ಬಂದವರೂ ಓವರ್‌ಟೌನ್‌ನವರೇ. 1960ರ ದಶಕದಲ್ಲಿ ಆ ಬಡಾವಣೆಯ ನಡುವೆಯೇ ಹೆದ್ದಾರಿ ಕಟ್ಟಿ ಅದರ ಬೆನ್ನೆಲುಬು ಮುರಿದರು. ಕ್ಲಬ್ಬು ಈಗಿಲ್ಲ. ಆ ಜನ ಒಂದು ಶನಿವಾರ ರಾತ್ರಿ ಹೇಗೆ ಕೂಗುತ್ತಿದ್ದರು, ನಗುತ್ತಿದ್ದರು ಅನ್ನುವುದಕ್ಕೆ ಕಿವಿಯಾರೆ ಕೇಳಬಹುದಾದ ಸಾಕ್ಷಿಯಾಗಿ ಈ ಟೇಪು ಉಳಿದಿದೆ.

‘ಬ್ರಿಂಗ್ ಇಟ್ ಆನ್ ಹೋಮ್’ ನೇರವಾಗಿ ಶುರುವಾಗುವುದಿಲ್ಲ. ಅದಕ್ಕೂ ಮುಂಚೆ ಕುಕ್ ಒಂದು ಕತೆ ಕಟ್ಟುತ್ತಾನೆ. ಮುನಿಸಿಕೊಂಡ ಹುಡುಗಿಗೆ ಫೋನ್ ಮಾಡಬೇಕು. ಟೆಲಿಫೋನ್ ಆಪರೇಟರಿಗೆ ಗೋಗರೆಯುತ್ತಾನೆ, ನನ್ನವಳನ್ನು ಹುಡುಕಿಕೊಡು ಅಂತ. ಹಿಂದೆ ಬ್ಯಾಂಡು ಒಂದೇ ಗತ್ತಿನಲ್ಲಿ ಕಾಯುತ್ತಿರುತ್ತದೆ. ಜನಕ್ಕೆ ಗೊತ್ತು, ಇವನು ಆಟವಾಡಿಸುತ್ತಿದ್ದಾನೆ ಅಂತ. ಕೊನೆಗೆ ಅವಳು ಸಿಕ್ಕಾಗ ‘ಯು ಸೆಂಡ್ ಮಿ’ ಹಾಡಿನ ಒಂದು ಎಳೆಯನ್ನಷ್ಟೇ ಎಳೆದು ಹಾಡುತ್ತಾನೆ. 1957ರಲ್ಲಿ ದೇಶಕ್ಕೇ ಮೊದಲ ಸ್ಥಾನಕ್ಕೇರಿದ, ಅವನ ಎಲ್ಲಕ್ಕಿಂತ ದೊಡ್ಡ ಹಾಡು ಅದು. ಬೇರೆ ಯಾರಾದರೂ ಪೂರ್ತಿ ಹಾಡಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಿದ್ದರು. ಇವನು ಒಂದು ಎಳೆ ತೋರಿಸಿ ಬಿಟ್ಟುಬಿಡುತ್ತಾನೆ. ಹೆಂಗಸರು ಚೀರುತ್ತಾರೆ. ಆಗ ಬರುತ್ತದೆ ಈ ಹಾಡು.

ಗಂಟಲು ಬೇರೆಯೇ ಆಗಿದೆ. ರೆಕಾರ್ಡಿನಲ್ಲಿ ಬೆಣ್ಣೆಯಂತಿದ್ದ ದನಿಗೆ ಇಲ್ಲಿ ಗರಗಸದ ಹಲ್ಲು ಮೂಡಿದೆ. ಪಿಟೀಲುಗಳಿಲ್ಲ. ಡ್ರಮ್ಮಿನ ಜೂನ್ ಗಾರ್ಡನರ್, ಸ್ಯಾಕ್ಸೊಫೋನಿನ ಕಿಂಗ್ ಕರ್ಟಿಸ್, ಕುಕ್‌ನ ಖಾಯಂ ಗಿಟಾರಿಗ ಕ್ಲಿಫ್ ವೈಟ್, ಅವನ ಪಕ್ಕದಲ್ಲಿ ಇಪ್ಪತ್ತು ವರ್ಷದ ಇನ್ನೊಬ್ಬ ಗಿಟಾರಿಗ, ಕಾರ್ನೆಲ್ ಡುಪ್ರಿ. ಈ ಕೊನೆಯ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ. ಹಾಡು ರೆಕಾರ್ಡಿಗಿಂತ ಹೆಚ್ಚೂಕಡಿಮೆ ಎರಡರಷ್ಟು ಉದ್ದ ಸಾಗುತ್ತದೆ. ಲೂ ರಾಲ್ಸ್ ಇಲ್ಲಿಲ್ಲ. ‘ಯೆಹ್’ ಎಂದು ಕುಕ್ ಕೂಗುವ ಜಾಗ ಬರುತ್ತದೆ, ಕೂಗುತ್ತಾನೆ. ಇಡೀ ಕ್ಲಬ್ಬು ‘ಯೆಹ್’ ಎನ್ನುತ್ತದೆ. ಅವನು ಇನ್ನೊಂದು ಸಲ ಕೂಗುತ್ತಾನೆ. ಅವರು ಇನ್ನೂ ಜೋರಾಗಿ.

ರೆಕಾರ್ಡಿನಲ್ಲಿ ಇದು ಒಬ್ಬ ಗಂಡಸು ಒಬ್ಬಳು ಹೆಂಗಸನ್ನು ಬೇಡುವ ಹಾಡು. ಕ್ಲಬ್ಬಿನಲ್ಲಿ ಬೇಡುತ್ತಿರುವವನು ಒಬ್ಬನಲ್ಲ. ಅಲ್ಲಿರುವ ಪ್ರತಿಯೊಬ್ಬರೂ ಯಾರನ್ನೋ ಕಳೆದುಕೊಂಡವರೇ, ಯಾರಿಗೋ ಬಾ ಎನ್ನಬೇಕಾದವರೇ. ಎಲ್ಲರೂ ಸೇರಿ ಅದನ್ನು ಕೂಗಿ ಹೇಳಿದಾಗ ದುಃಖದ ಹಾಡು ಹಬ್ಬವಾಗುತ್ತದೆ. ಒಂದಕ್ಷರವೂ ಬದಲಾಗದೆ ಇದು ಆಗುತ್ತದಲ್ಲ, ಅದೇ ನನಗೆ ಇವತ್ತಿಗೂ ಸೋಜಿಗ.

ನನ್ನ ಸೋದರಮಾವ ನಮ್ಮೂರ ಭಜನಾ ಮಂಡಳಿಯಲ್ಲಿ ವಯಸ್ಸಿಗೆ ಬಂದಾಗಿನಿಂದ ಹಾಡುತ್ತಿರುವವರು. ಇಂಗ್ಲಿಷ್ ಹಾಡು ಅವರಿಗೆ ಅರ್ಥವಾಗುವುದಿಲ್ಲ, ಅದರ ಗೋಜಿಗೂ ಹೋಗುವವರಲ್ಲ. ಹಿಂದಿನ ವರ್ಷ ಮನೆಗೆ ಬಂದಿದ್ದಾಗ ಸ್ಪೀಕರಿನಲ್ಲಿ ಇದು ಓಡುತ್ತಿತ್ತು. ಕಾಫಿ ಲೋಟ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೇಳಿದರು.

“ಆಚೆಯಿಂದ ಹೂಂಗುಡ್ತಿರೋರು ಯಾರೋ? ಬ್ಯಾಂಡಿನವ್ರಾ?”

“ಅಲ್ಲ ಮಾವ, ಕೇಳೋಕೆ ಬಂದ ಜನ.”

“ಅದಕ್ಕೇ ಅಷ್ಟು ಧೈರ್ಯವಾಗಿ ಸೊಲ್ಲು ಬಿಡ್ತಾನೆ” ಅಂದರು.

ಅವರ ಮಾತು ಅಲ್ಲಿಗೆ ಮುಗಿಯಿತು, ನನ್ನ ತಲೆಯಲ್ಲಿ ಮುಗಿಯಲಿಲ್ಲ. ಭಜನೆಯಲ್ಲಿ ಮುಂದಾಳು ಒಂದು ಸಾಲು ಹೇಳಿ ನಿಲ್ಲಿಸುತ್ತಾನೆ, ಎತ್ತಿಕೊಳ್ಳುವವರಿದ್ದಾರೆ ಎಂಬ ಭರವಸೆಯ ಮೇಲೆ. ಎತ್ತಿಕೊಳ್ಳುವವರು ಇಲ್ಲದಿದ್ದರೆ ಆ ಸಾಲು ನೆಲಕ್ಕೆ ಬೀಳುತ್ತದೆ. ಕುಕ್ ಚರ್ಚಿನಲ್ಲಿ ಕಲಿತದ್ದೂ ಇದನ್ನೇ. ಪಾದ್ರಿ ಒಂದು ಮಾತು ಹೇಳಿ ತಡೆಯುತ್ತಾನೆ, ಬೆಂಚುಗಳಿಂದ ‘ಆಮೆನ್’ ಬರುತ್ತದೆ, ಆ ಆಮೆನ್ ಮೇಲೆ ಕಾಲಿಟ್ಟು ಪಾದ್ರಿ ಇನ್ನೊಂದು ಮೆಟ್ಟಿಲು ಹತ್ತುತ್ತಾನೆ. ಸೋಲ್ ಸಂಗೀತ ದೇವರ ಹೆಸರನ್ನು ತೆಗೆದು ಪ್ರಿಯತಮೆಯ ಹೆಸರನ್ನು ಹಾಕಿಕೊಂಡಿತು, ಆದರೆ ಆ ಮೆಟ್ಟಿಲುಗಳನ್ನು ಹಾಗೇ ಉಳಿಸಿಕೊಂಡಿತು.

ಈ ಟೇಪಿಗೆ ಇನ್ನೊಂದು ಕತೆಯಿದೆ. 1985ರಲ್ಲಿ ಬಂದ ಮಿಶ್ರಣದಲ್ಲಿ, ಅಂದರೆ ಟೇಪಿನ ದನಿಗಳನ್ನು ಹೆಚ್ಚುಕಡಿಮೆ ಮಾಡಿ ಹೊಂದಿಸಿದ ರೂಪದಲ್ಲಿ, ಜನರ ದನಿ ಜೋರಾಗಿ ಕೇಳುತ್ತದೆ. 2000ದಲ್ಲಿ ಕುಕ್‌ನ ಹಾಡುಗಳ ದೊಡ್ಡ ಸಂಗ್ರಹವೊಂದರಲ್ಲಿ ಇದನ್ನು ಮತ್ತೆ ಮಿಶ್ರಣ ಮಾಡಿದಾಗ ಜನರನ್ನು ತಗ್ಗಿಸಿ ವಾದ್ಯಗಳನ್ನು ಮುಂದೆ ತಂದರು. ಎರಡನೆಯದರಲ್ಲಿ ಎಲ್ಲ ಸ್ವಚ್ಛ, ಗಿಟಾರಿನ ಒಂದೊಂದು ತಂತಿಯೂ ಕೇಳುತ್ತದೆ. ಆದರೆ ಕುಕ್ ಯಾಕೆ ಅಷ್ಟು ಕೂಗುತ್ತಿದ್ದಾನೆ ಎಂಬುದು ಅರ್ಥವಾಗುವುದಿಲ್ಲ. ಎದುರಿಗಿನ ದನಿ ಸಣ್ಣದಾದ ಕೂಡಲೇ ಅವನ ದನಿ ಅತಿಯೆನಿಸತೊಡಗುತ್ತದೆ. ನಾನು ಗದ್ದಲದ 1985ರದ್ದನ್ನೇ ಕೇಳುತ್ತೇನೆ.

ಕುಕ್‌ನ ಇನ್ನೊಂದು ಲೈವ್ ಆಲ್ಬಮ್ ಅವನು ಬದುಕಿದ್ದಾಗಲೇ ಬಂತು. ನ್ಯೂಯಾರ್ಕಿನ ಕೋಪಾಕಬಾನಾ ಕ್ಲಬ್ಬಿನಲ್ಲಿ 1964ರ ಜುಲೈನಲ್ಲಿ ಮುದ್ರಿಸಿದ್ದು. ಅಲ್ಲಿ ಮುಂದೆ ಕೂತವರು ಬಹುತೇಕ ಬಿಳಿಯ ಶ್ರೀಮಂತರು, ಊಟದ ಮೇಜು, ವೈನು. 1958ರಲ್ಲಿ ಇದೇ ಕ್ಲಬ್ಬಿನಲ್ಲಿ ಹಾಡಿ ಸೋತು ಬಂದಿದ್ದ, ಹಾಗಾಗಿ ಈ ಸಲ ಗೆಲ್ಲಲೇಬೇಕಿತ್ತು. ಗೆದ್ದ. ‘ಫಾರ್ ಸೆಂಟಿಮೆಂಟಲ್ ರೀಸನ್ಸ್’ ಎಂಬ ಹಾಡು ಎರಡೂ ಆಲ್ಬಮ್ಮುಗಳಲ್ಲಿದೆ, ಒಂದರ ಹಿಂದೊಂದು ಕೇಳಿ. ಕೋಪಾದಲ್ಲಿ ಕುಕ್ ಅದನ್ನು ಅವರಿಗೆ ಹಾಡಿ ತೋರಿಸುತ್ತಾನೆ. ಮಯಾಮಿಯಲ್ಲಿ ಜನ ಅವನ ಜೊತೆ ಹಾಡುತ್ತಾರೆ, ಅವನು ಅವರನ್ನು ಹುರಿದುಂಬಿಸುತ್ತ ತಾನು ನಡುನಡುವೆ ನುಸುಳುತ್ತಾನೆ. ಕೋಪಾದ ಕುಕ್ ಸುಳ್ಳು, ಮಯಾಮಿಯವನು ನಿಜ ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಕಡೆ ಎದುರಿಗಿದ್ದವರಿಗೆ ತಕ್ಕ ಹಾಡನ್ನೇ ಹಾಡಿದ್ದಾನೆ. ಕೋಪಾದ ಮೇಜುಗಳು ಚಪ್ಪಾಳೆ ಕೊಟ್ಟವು, ಓಗೊಡಲಿಲ್ಲ.

ಕೋಪಾದ ಆಲ್ಬಮ್ಮಿನಿಂದ ಒಂದು ಒಳ್ಳೆಯ ಕೆಲಸವಾಯಿತು. ಅದರಲ್ಲಿ ಕುಕ್ ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’ ಹಾಡಿನ ಒಂದಿಷ್ಟು ಭಾಗ ಹಾಡಿದ್ದಾನೆ. 1932ರ ಹಾಡು, ವಾದ್ಯವೃಂದದ ಎದುರು ಸೂಟು ತೊಟ್ಟ ಗಾಯಕರು ತೇಲಿಸಿ ಹಾಡುತ್ತಿದ್ದದ್ದು. ಕುಕ್‌ನನ್ನು ಆರಾಧಿಸುತ್ತಿದ್ದ ಜಾರ್ಜಿಯಾದ ಗಾಯಕ ಓಟಿಸ್ ರೆಡಿಂಗ್ ಅದನ್ನು ಎತ್ತಿಕೊಂಡ. 1966ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ, ಹಳೆಯ ಸಿನಿಮಾ ಮಂದಿರವೊಂದರ ಇಳಿಜಾರು ನೆಲದ ಮೇಲೆ, ಅದು ಬೇರೆಯೇ ಆಯಿತು. ತುತ್ತೂರಿ, ಸ್ಯಾಕ್ಸೊಫೋನುಗಳ ಸಣ್ಣ ಪೀಠಿಕೆ, ಓಟಿಸ್‌ನ ಪಿಸುಮಾತು. ಸ್ವಲ್ಪ ಹೊತ್ತಿಗೆ ಆಲ್ ಜ್ಯಾಕ್ಸನ್ ಡ್ರಮ್ಮಿನ ಅಂಚಿನ ಮೇಲೆ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನಿಸತೊಡಗುತ್ತಾನೆ. ಆ ಟಿಕ್ ಟಿಕ್ ಬಂತೆಂದರೆ ಮುಂದೇನೋ ಸಿಡಿಯಲಿದೆ ಅಂತ ಗೊತ್ತಾಗುತ್ತದೆ. ಒಂದೊಂದೇ ವಾದ್ಯ ಸೇರಿ ಕೊನೆಗೆ ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಸರಿಯಾಗಿ ಆಗ ರೆಕಾರ್ಡು ಮೆಲ್ಲಗೆ ಕರಗಿಹೋಗುತ್ತದೆ. ಯಾರೋ ಒಬ್ಬರು ಗುಂಡಿ ತಿರುಗಿಸಿ ದನಿ ಇಳಿಸಿಬಿಟ್ಟಿದ್ದಾರೆ.

ಅಂದಿನ ರೆಕಾರ್ಡುಗಳು ಹೆಚ್ಚಾಗಿ ಹಾಗೇ ಮುಗಿಯುತ್ತಿದ್ದವು. ಮೂರು ನಿಮಿಷ ಬಹಳ ದಾಟಿದರೆ ರೇಡಿಯೊದವರು ಹಾಕಲು ಹಿಂಜರಿಯುತ್ತಿದ್ದರು. ಇನ್ನೇನು ಉತ್ತುಂಗಕ್ಕೆ ಏರುವ ಹೊತ್ತಿಗೆ ಬಾಗಿಲು ಮುಚ್ಚಿದಂತೆ. ವೇದಿಕೆಯ ಮೇಲೆ ಗುಂಡಿ ತಿರುಗಿಸುವವರಿಲ್ಲ. ಹಾಡನ್ನು ಹತ್ತಿಸಿದವನೇ ಇಳಿಸಬೇಕು, ಅಥವಾ ಜನ ಇಳಿಯಲು ಬಿಡಬೇಕು. 1967ರ ಜೂನ್ 17ರ ರಾತ್ರಿ ಕ್ಯಾಲಿಫೋರ್ನಿಯಾದ ಮಾಂಟೆರೇ ಸಂಗೀತ ಉತ್ಸವದಲ್ಲಿ ಓಟಿಸ್ ಈ ಹಾಡಿನಿಂದಲೇ ಮುಗಿಸಿದ. ಮುಂದಿದ್ದವರು ಹೂ ಮುಡಿದ ಬಿಳಿಯ ಹುಡುಗ ಹುಡುಗಿಯರು, ಬಹಳಷ್ಟು ಜನ ಅವನನ್ನು ಅದೇ ಮೊದಲು ನೋಡುತ್ತಿದ್ದವರು. ಅವನಿಗಿಂತ ಮುಂಚೆ ರಾಕ್ ತಂಡ ಜೆಫರ್ಸನ್ ಏರ್‌ಪ್ಲೇನ್ ಹಾಡಿ ಇಳಿದಿತ್ತು. ಹೊತ್ತು ಮೀರಿತ್ತು. ಆ ಚಿತ್ರಮುದ್ರಿಕೆ ಇದೆ, ನೋಡಿ. ಹಾಡು ಮುಗಿಯಿತು ಅನ್ನಿಸುತ್ತದೆ, ಮುಗಿಯುವುದಿಲ್ಲ. ಓಟಿಸ್ ಹೊರಡುತ್ತಾನೆ, ತಿರುಗಿ ಬರುತ್ತಾನೆ, ಮತ್ತೆ ಕಾಲು ನೆಲಕ್ಕೆ ಕುಟ್ಟುತ್ತಾನೆ. ಹೋಗಬೇಕು, ಹೋಗಲು ಮನಸ್ಸಿಲ್ಲ ಎಂದು ಹೇಳಿಯೇ ಹೋಗುತ್ತಾನೆ. ಹೆಣ್ಣಿನ ಜೊತೆ ಮೃದುವಾಗಿರಿ ಎಂದು ಬುದ್ಧಿ ಹೇಳುವ ಹಳೆಯ ಹಾಡೊಂದು ಇಲ್ಲಿ ಬಿಟ್ಟಿರಲಾರೆ ಎಂದು ಹಟ ಹಿಡಿಯುವ ಹಾಡಾಗಿದೆ, ಅದೂ ಗುರುತಿಲ್ಲದ ಜನರ ಜೊತೆ. ಆರು ತಿಂಗಳಾಗುವಷ್ಟರಲ್ಲಿ, ಡಿಸೆಂಬರ್ 10ರಂದು, ವಿಸ್ಕಾನ್ಸಿನ್‌ನ ಮೊನೋನಾ ಕೆರೆಗೆ ಅವನ ಸಣ್ಣ ವಿಮಾನ ಬಿತ್ತು. ಅವನಿಗಾಗ ಇಪ್ಪತ್ತಾರು.

ಲೈವ್ ಅಂದಮಾತ್ರಕ್ಕೆ ಎಲ್ಲವೂ ದೊಡ್ಡದಾಗುತ್ತದೆ ಅಂತಲ್ಲ. ಆ ಕಾಲದ ಎಷ್ಟೋ ಲೈವ್ ಮುದ್ರಣಗಳಲ್ಲಿ ಹಾಡನ್ನು ಓಡಿಸಿಬಿಟ್ಟಿದ್ದಾರೆ. ಗಾಯಕಿ ಅರೀಥಾ ಫ್ರಾಂಕ್ಲಿನ್ 1971ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ವೆಸ್ಟ್‌ನಲ್ಲಿ ಮೂರು ರಾತ್ರಿ ಹಾಡಿದ ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಮೊದಲ ಹಾಡು ‘ರೆಸ್ಪೆಕ್ಟ್’. ಓಟಿಸ್ ಬರೆದದ್ದನ್ನು 1967ರಲ್ಲಿ ಅರೀಥಾ ತನ್ನದಾಗಿಸಿಕೊಂಡದ್ದು, ಆ ಹುಡುಗಿ ನನ್ನ ಹಾಡು ಕಸಿದುಕೊಂಡಳು ಎಂದು ಮಾಂಟೆರೇ ವೇದಿಕೆಯಲ್ಲಿ ಓಟಿಸ್ ನಗುತ್ತ ಹೇಳಿದ್ದು ಇದರ ಬಗ್ಗೆಯೇ. ಫಿಲ್‌ಮೋರ್‌ನಲ್ಲಿ ಅದು ಎಷ್ಟು ವೇಗ ಅಂದರೆ ಮರ್ಯಾದೆ ಕೊಡು ಎಂದು ಕಾಲೂರಿ ನಿಂತು ಕೇಳಲು ಪುರಸೊತ್ತೇ ಇಲ್ಲ. ಆ ಹಾಡಿಗೆ ರೆಕಾರ್ಡೇ ಸರಿ. ಅದರಲ್ಲಿನ ಗತ್ತು, ಹಿಂದಿನಿಂದ ಬರುವ ಹೆಣ್ಣುದನಿಗಳ ಚುಚ್ಚು, ಎಲ್ಲ ಅಳತೆಯಲ್ಲಿದೆ. ಅಲ್ಲಿ ಓಗೊಡಬೇಕಾದವರು ಹೆಂಗಸರೇ, ಓಗೊಡುತ್ತಿದ್ದಾರೆ ಕೂಡ.

ಆದರೆ ಅದೇ ಆಲ್ಬಮ್ಮಿನಲ್ಲಿ ‘ಡಾಕ್ಟರ್ ಫೀಲ್‌ಗುಡ್’ ಇದೆ. ರೆಕಾರ್ಡಿನಲ್ಲಿ ಅದು ತನ್ನ ಗಂಡಸಿನ ಬಗ್ಗೆ ಒಬ್ಬಳು ಯಾರಿಗೂ ಅಂಜದೆ ಹೇಳಿಕೊಳ್ಳುವ ಬ್ಲೂಸ್, ಮೂರು ನಿಮಿಷ ಚಿಲ್ಲರೆ. ಫಿಲ್‌ಮೋರ್‌ನಲ್ಲಿ ಏಳು ನಿಮಿಷ. ಆರ್ಗನ್ ನುಡಿಸುತ್ತಿರುವವನು ಬಿಲ್ಲಿ ಪ್ರೆಸ್ಟನ್, ಡ್ರಮ್ಮಿಗೆ ಬರ್ನಾರ್ಡ್ ಪರ್ಡಿ, ಬ್ಯಾಂಡಿನ ನಾಯಕ ಮತ್ತದೇ ಕಿಂಗ್ ಕರ್ಟಿಸ್, ಗಿಟಾರಿಗೆ ಮತ್ತದೇ ಕಾರ್ನೆಲ್ ಡುಪ್ರಿ. ಹಾಡಿನ ಮಾತು ಮುಗಿದ ಮೇಲೆ ಅರೀಥಾ ನಿಲ್ಲಿಸುವುದಿಲ್ಲ. ಆರ್ಗನ್ ಚರ್ಚಿನ ನಡೆಗೆ ಹೊರಳುತ್ತದೆ, ಅವಳು ಒಂದೊಂದೇ ಮಾತು ಬಿಡುತ್ತ ಸಭೆಯ ಉತ್ತರ ಕೇಳುತ್ತ ಏರುತ್ತಾಳೆ. ಅವಳಪ್ಪ ಸಿ.ಎಲ್. ಫ್ರಾಂಕ್ಲಿನ್ ಡೆಟ್ರಾಯಿಟ್‌ನ ನ್ಯೂ ಬೆತೆಲ್ ಚರ್ಚಿನ ಪಾದ್ರಿ, ಅವರ ಪ್ರವಚನಗಳು ರೆಕಾರ್ಡುಗಳಾಗಿ ಮಾರಾಟವಾಗುತ್ತಿದ್ದವು. ಮಗಳು ಅಪ್ಪನ ಪಟ್ಟುಗಳನ್ನೆಲ್ಲ ಇಲ್ಲಿ ಬಳಸುತ್ತಾಳೆ. ಹಾಸಿಗೆಯ ಹಾಡಿನಿಂದ ಶುರುವಾದದ್ದು ಪ್ರಾರ್ಥನೆಯಲ್ಲಿ ಮುಗಿಯುತ್ತದೆ, ನಡುವೆ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಉತ್ತರ ಕೊಡುತ್ತಿರುವವರು ಉದ್ದ ಕೂದಲಿನ ಹಿಪ್ಪಿಗಳು. ಈ ಜನಕ್ಕೆ ತನ್ನ ಹಾಡು ಹಿಡಿಸುತ್ತದೋ ಇಲ್ಲವೋ ಎಂದು ಅರೀಥಾಗೆ ಮೊದಲು ಅಳುಕಿತ್ತು. ಆದರೆ ಹೇಗೆ ಓಗೊಡಬೇಕೆಂದು ಅವಳೇ ಅವರಿಗೆ ಏಳು ನಿಮಿಷದಲ್ಲಿ ಕಲಿಸುತ್ತಾಳೆ. ಹತ್ತು ತಿಂಗಳ ನಂತರ, 1972ರ ಜನವರಿಯಲ್ಲಿ, ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಅವಳು ತನ್ನ ಗಾಸ್ಪೆಲ್ ಆಲ್ಬಮ್ ಮುದ್ರಿಸಿದಳು. ಆ ದಾರಿ ಈ ಫಿಲ್‌ಮೋರ್ ರಾತ್ರಿಯಲ್ಲೇ ತೆರೆದುಕೊಂಡಿತ್ತು ಎಂದು ನನಗನ್ನಿಸುತ್ತದೆ.

ಅರೀಥಾಳ ಇನ್ನೊಂದು ಪ್ರದರ್ಶನ ಬಹಳ ಜನ ನೋಡಿರಬಹುದು. 2015ರ ಡಿಸೆಂಬರ್, ವಾಷಿಂಗ್ಟನ್‌ನ ಕೆನಡಿ ಸೆಂಟರ್ ಗೌರವ ಸಮಾರಂಭ. ಗೌರವ ಪಡೆದವರಲ್ಲಿ ಕ್ಯಾರೊಲ್ ಕಿಂಗ್ ಒಬ್ಬಳು. ಅವಳೂ ಆಗಿನ ಗಂಡ ಗೆರ‍್ರಿ ಗೋಫಿನ್‌ನೂ ಸೇರಿ 1967ರಲ್ಲಿ ಅರೀಥಾಳಿಗೆಂದೇ ಬರೆದುಕೊಟ್ಟ ಹಾಡು ‘ನ್ಯಾಚುರಲ್ ವುಮನ್’. ಹೆಸರು ಸೂಚಿಸಿದವನು ನಿರ್ಮಾಪಕ ಜೆರ‍್ರಿ ವೆಕ್ಸ್‌ಲರ್. ರೆಕಾರ್ಡಿನಲ್ಲಿ ಹಿಂದಿನಿಂದ ದನಿಗೂಡಿಸಿದವರಲ್ಲಿ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್ ಇದ್ದರು. ಆಗ ಅರೀಥಾಳಿಗೆ ಇಪ್ಪತ್ತೈದು. 2015ರಲ್ಲಿ ಎಪ್ಪತ್ತಮೂರು. ಅಕ್ಕ, ತಂಗಿ ಇಬ್ಬರೂ ಇಲ್ಲ. ನೆಲ ಮುಟ್ಟುವ ತುಪ್ಪಳದ ಕೋಟು ತೊಟ್ಟು ಬಂದವಳು ಕೈಚೀಲವನ್ನು ಪಿಯಾನೊ ಮೇಲಿಟ್ಟು ಕೂತು ತಾನೇ ನುಡಿಸತೊಡಗುತ್ತಾಳೆ. ಮೊದಲ ಸಾಲಿಗೇ ಮೇಲಿನ ಮೊಗಸಾಲೆಯಲ್ಲಿ ಕ್ಯಾರೊಲ್ ಕಿಂಗ್ ತಡೆಯಲಾರದೆ ಬೀಗುತ್ತಾಳೆ, ಜೊತೆಗೆ ತಾನೂ ಹಾಡಿಕೊಳ್ಳುತ್ತಾಳೆ. ಅಧ್ಯಕ್ಷ ಒಬಾಮಾ ಕಣ್ಣೊರೆಸಿಕೊಳ್ಳುವುದು ಕಾಣುತ್ತದೆ. ಕೊನೆಯ ಭಾಗಕ್ಕೆ ಅರೀಥಾ ಎದ್ದು ನಡುವೇದಿಕೆಗೆ ಬಂದು ಆ ಕೋಟನ್ನು ಹೆಗಲಿಂದ ಜಾರಿಸಿ ನೆಲಕ್ಕೆ ಬಿಡುತ್ತಾಳೆ. ಸಭೆಯೇ ಎದ್ದು ನಿಲ್ಲುತ್ತದೆ.

ಕೋಟಿನ ಬಗ್ಗೆ ಎಲ್ಲರೂ ಮಾತಾಡಿದರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. 1967ರ ಹಾಡಿನಲ್ಲಿ ಒಬ್ಬ ಹುಡುಗಿ ತನ್ನನ್ನು ಹೆಣ್ಣೆಂದು ಅನ್ನಿಸುವಂತೆ ಮಾಡಿದ ಗಂಡಸಿಗೆ ಹೇಳುತ್ತಿದ್ದಾಳೆ. 2015ರಲ್ಲಿ ‘ನೀನು’ ಎಂದು ಅವಳು ಕರೆಯುವಾಗ ಯಾವ ಗಂಡಸೂ ನೆನಪಿಗೆ ಬರುವುದಿಲ್ಲ. ಆ ‘ನೀನು’ ಮೇಲೆ ಕೂತ ಕ್ಯಾರೊಲ್ ಕಿಂಗ್, ಈ ಹಾಡನ್ನು ನನಗೆ ಕೊಟ್ಟವಳು. ದನಿಗೆ ಹಿಂದಿನ ಎತ್ತರ ಪೂರ್ತಿ ಇಲ್ಲ, ಅವಳಿಗೆ ಅದು ಗೊತ್ತು, ಎಲ್ಲಿ ಏರಬೇಕು ಎಲ್ಲಿ ಮಾತಿನಂತೆ ಹೇಳಿ ಬಿಡಬೇಕು ಎಂಬುದನ್ನು ಆರಿಸಿಕೊಂಡೇ ಹಾಡುತ್ತಾಳೆ. ಒಬ್ಬಳು ಹಾಡಿ ಒಬ್ಬಳು ಓಗೊಟ್ಟದ್ದನ್ನು ಉಳಿದವರೆಲ್ಲ ನೋಡುವ ಭಾಗ್ಯ ಪಡೆದರು, ಅಷ್ಟೆ.

ಕ್ಯಾರೊಲ್ ಕಿಂಗ್ ಬರೆದ ಇನ್ನೊಂದು ಹಾಡು, ಇದಕ್ಕಿಂತಲೂ ನನಗೆ ಹತ್ತಿರದ್ದು, 1971ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಟ್ರೂಬಡೋರ್ ಕ್ಲಬ್ಬಿನಲ್ಲಿ ಹೊಸ ಹುಟ್ಟು ಪಡೆಯಿತು. ‘ಯು ಹ್ಯಾವ್ ಗಾಟ್ ಎ ಫ್ರೆಂಡ್’. ಗಾಯಕ ಜೇಮ್ಸ್ ಟೇಲರ್ ಈ ಹಾಡನ್ನು ಮೊದಲು ಕೇಳಿದ್ದು ಇದೇ ಟ್ರೂಬಡೋರ್‌ನಲ್ಲಿ, ಕಿಂಗ್ ಬಾಯಲ್ಲಿ. ಅವನು ಹಾಡಿದ್ದು ಆ ಜುಲೈ ಕೊನೆಗೆ ದೇಶದ ಮೊದಲ ಸ್ಥಾನಕ್ಕೇರಿತ್ತು. ಅಂದರೆ ಆ ಆಗಸ್ಟ್ ರಾತ್ರಿ ಸೋಲ್ ಗಾಯಕ ಡಾನಿ ಹಾತವೇ ಎಲೆಕ್ಟ್ರಿಕ್ ಪಿಯಾನೊ ಮುಂದೆ ಕೂತು ಶುರುಮಾಡುವಾಗ ಅಲ್ಲಿದ್ದವರಿಗೆಲ್ಲ ಹಾಡು ಬಾಯಿಪಾಠ.

ಹಾತವೇ ಸೇಂಟ್ ಲೂಯಿಸ್‌ನಲ್ಲಿ ಅಜ್ಜಿಯ ಮಡಿಲಲ್ಲಿ ಗಾಸ್ಪೆಲ್ ಹಾಡುತ್ತ ಬೆಳೆದವನು, ಆಮೇಲೆ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದವನು. ಆ ಟ್ರೂಬಡೋರ್ ಹಾಡುಗಳಿರುವ, 1972ರಲ್ಲಿ ಬಂದ ಅವನ ‘ಲೈವ್’ ಆಲ್ಬಮ್ ಶುರುವಾಗುವುದು ಗಾಯಕ ಮಾರ್ವಿನ್ ಗೇಯ ಹಾಡಾದ ‘ವಾಟ್ಸ್ ಗೋಯಿಂಗ್ ಆನ್’ನಿಂದ. ಗೇ ತನ್ನ ರೆಕಾರ್ಡಿನ ಆರಂಭದಲ್ಲಿ ಗೆಳೆಯರನ್ನು ಸ್ಟುಡಿಯೊಗೆ ಕರೆಸಿ, ಅವರಲ್ಲಿ ಡೆಟ್ರಾಯಿಟ್‌ನ ಫುಟ್‌ಬಾಲ್ ಆಟಗಾರರೂ ಇದ್ದರು, ಪಾರ್ಟಿಯೊಂದರಲ್ಲಿ ಮಾತಾಡಿಕೊಳ್ಳುವಂತೆ ಮಾತಾಡಿಸಿದ್ದ. ಆ ಹಾಡಿಗೆ ಸುತ್ತ ಜನ ಬೇಕು ಎಂದು ಅವನಿಗೆ ಗೊತ್ತಿತ್ತು. ಕೆಲವೇ ತಿಂಗಳಲ್ಲಿ ಹಾತವೇ ಅದನ್ನು ನಿಜವಾದ ಜನರ ನಡುವೆ ಇಟ್ಟ. ಪಿಟೀಲುಗಳ ಹೊದಿಕೆ ಹೋಗಿ ಪಿಯಾನೊ, ಬೇಸ್ ಗಿಟಾರು, ಕೈಯಲ್ಲಿ ಬಡಿಯುವ ಕಾಂಗಾ ಡೋಲು ಮುಂದೆ ಬಂದವು. ಏನಾಗುತ್ತಿದೆ ಎಂದು ಆಕಾಶದ ಕಡೆ ಕೇಳಿದಂತಿದ್ದ ಪ್ರಶ್ನೆ ಪಕ್ಕದವನ ಭುಜ ತಟ್ಟಿ ಕೇಳಿದಂತಾಯಿತು.

‘ಯು ಹ್ಯಾವ್ ಗಾಟ್ ಎ ಫ್ರೆಂಡ್’ ಹಾಡಿನ ಮೊದಲ ಸ್ವರಗಳಿಗೇ ಗುರುತು ಹಿಡಿದು ಜನ ಕೂಗುತ್ತಾರೆ. ಮೊದಲ ಚರಣ ಹಾತವೇ ಹಾಡುತ್ತಾನೆ. ಪಲ್ಲವಿ ಬರುವ ಹೊತ್ತಿಗೆ ಕ್ಲಬ್ಬಿಗೆ ಕ್ಲಬ್ಬೇ ಎತ್ತಿಕೊಳ್ಳುತ್ತದೆ. ಅವನು ಅವರ ಮೇಲೇರಿ ಹಾಡಲು ಹೋಗುವುದಿಲ್ಲ. ಪಿಯಾನೊ ಹಿಡಿದುಕೊಂಡು ಬದಿಗೆ ಸರಿಯುತ್ತಾನೆ, ಅವರ ದನಿಗಳ ಸಂದಿನಲ್ಲಿ ಒಂದೆರಡು ತುಣುಕು ಸೇರಿಸುತ್ತಾನೆ. ಕರೆದರೆ ಬರುತ್ತೇನೆ, ಎಲ್ಲಿದ್ದರೂ ಬರುತ್ತೇನೆ ಎಂದು ಗಾಯಕ ಕೇಳುಗನಿಗೆ ಹೇಳಬೇಕಾದ ಮಾತನ್ನು ಕೇಳುಗರೆಲ್ಲ ಸೇರಿ ಗಾಯಕನಿಗೆ ಹೇಳುತ್ತಿದ್ದಾರೆ. ಹಾತವೇ ಮುಂದೆ ತೀವ್ರ ಮಾನಸಿಕ ಕಾಯಿಲೆಯಿಂದ ನರಳಿದ, 1979ರ ಜನವರಿಯಲ್ಲಿ ಮೂವತ್ತಮೂರನೇ ವಯಸ್ಸಿಗೆ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಅದನ್ನು ತಿಳಿದು ಕೇಳುವಾಗ ಆ ಪಲ್ಲವಿ ಎದೆಗೆ ಒತ್ತುತ್ತದೆ. ತಿಳಿಯದೆ ಕೇಳಿದರೂ ಅದರ ಶಕ್ತಿ ಕಡಿಮೆಯಿಲ್ಲ, ಯಾಕೆಂದರೆ ಆ ರಾತ್ರಿ ಅಲ್ಲಿದ್ದವರಿಗೂ ಮುಂದಿನದು ತಿಳಿದಿರಲಿಲ್ಲ. ಸುಮ್ಮನೆ ಖುಷಿಗೆ ಹಾಡುತ್ತಿದ್ದರು.

ಈ ಆಲ್ಬಮ್ ಕೇಳುವವರು ಎರಡನೆಯ ಬದಿಯನ್ನು ಬಿಡಬೇಡಿ. ಅದು ಎರಡು ತಿಂಗಳ ನಂತರ ನ್ಯೂಯಾರ್ಕಿನ ಬಿಟರ್ ಎಂಡ್ ಕ್ಲಬ್ಬಿನಲ್ಲಿ ಮುದ್ರಿಸಿದ್ದು, ಗಿಟಾರಿನಲ್ಲಿ ಮೂರನೆಯ ಸಲ ಕಾರ್ನೆಲ್ ಡುಪ್ರಿ ಇದ್ದಾನೆ. ಒಂಬತ್ತು ವರ್ಷಗಳೊಳಗೆ ಕುಕ್, ಅರೀಥಾ, ಹಾತವೇ ಮೂವರ ಈ ರಾತ್ರಿಗಳಲ್ಲೂ ಹಿಂದೆ ನಿಂತು ನುಡಿಸಿದವನು ಅವನು. ಕೊನೆಯ ಹಾಡು ‘ವಾಯ್ಸಸ್ ಇನ್‌ಸೈಡ್’ ಹದಿಮೂರು ನಿಮಿಷ ದಾಟುತ್ತದೆ. ಎಲ್ಲರಿಗೂ ಒಬ್ಬೊಬ್ಬರಾಗಿ ಸರದಿ ಕೊಡುತ್ತ ಹಾತವೇ ಕೊನೆಗೆ ಬೇಸ್ ಗಿಟಾರಿನ ವಿಲ್ಲಿ ವೀಕ್ಸ್‌ನನ್ನು ಮುಂದೆ ಬಿಡುತ್ತಾನೆ. ವೀಕ್ಸ್ ಮೊದಲು ಎರಡು ಮೂರು ಸ್ವರಗಳನ್ನೇ ಅಗಿಯುತ್ತ ಕೂರುತ್ತಾನೆ, ಅವಸರವಿಲ್ಲ. ಆಮೇಲೆ ಒಂದು ಸಣ್ಣ ಜಾರು ಹಾಕುತ್ತಾನೆ. ಸಭೆಯಿಂದ ಯಾರೋ ‘ಹಾ’ ಎನ್ನುತ್ತಾರೆ. ಇನ್ನೊಂದು ಜಾರು, ಇನ್ನಷ್ಟು ಜನ. ಮಾತಿಲ್ಲ, ಹಾಡಿಲ್ಲ, ಬರೀ ನಾಲ್ಕು ದಪ್ಪ ತಂತಿ, ಆದರೂ ಪ್ರತಿ ತಿರುವಿಗೂ ಉತ್ತರ ಬರುತ್ತಲೇ ಇದೆ, ಉತ್ತರ ಬಂದಷ್ಟೂ ಅವನು ಮೇಲೇರುತ್ತಿದ್ದಾನೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಬೇಸ್ ಸರಿಯಾಗಿ ಕೇಳಬೇಕು.